ಉಪ್ಪು ಹಚ್ಚಿದ ಹುರಿದ ಬೀಜಗಳು: ನಾಲ್ಕು ಪ್ಯಾಕೆಟ್‌ಗಳ ಪರೀಕ್ಷೆ

ನಮ್ಮ ತಂದೆಯವರ ರಕ್ತದೊತ್ತಡ ಏರತೊಡಗಿದಾಗ ವೈದ್ಯರು ಮೊದಲು ಹೇಳಿದ್ದು ಉಪ್ಪು ಕಡಿಮೆ ಮಾಡಿ ಎಂದು. ಅಡುಗೆಗೆ ಹಾಕುವ ಉಪ್ಪನ್ನು ಅಳತೆ ಮಾಡಿ ಹಾಕತೊಡಗಿದೆವು, ಊಟದ ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿಯನ್ನು ಕಪಾಟಿನೊಳಗೆ ಇಟ್ಟೆವು. ಆದರೆ ಅವರು ಸಂಜೆ ಓದುತ್ತ ಕುಳಿತಾಗ ತಿನ್ನುವ ಹುರಿದ ಶೇಂಗಾದ ಕಡೆಗೆ ಎರಡು ತಿಂಗಳವರೆಗೆ ಯಾರ ಗಮನವೂ ಹೋಗಲಿಲ್ಲ. ಬೀಜಗಳು ಆರೋಗ್ಯಕ್ಕೆ ಒಳ್ಳೆಯವು ಎಂಬ ಮಾತನ್ನು ಎಲ್ಲರೂ ಕೇಳಿದವರೇ, ಅದು ಸುಳ್ಳೂ ಅಲ್ಲ. ಆ ನಂಬಿಕೆಯಲ್ಲೇ ನಾವು ಪ್ಯಾಕೆಟ್ಟಿನ ಹಿಂಬದಿಯನ್ನು ತಿರುಗಿಸಿ ನೋಡದೆ ಉಳಿದಿದ್ದೆವು. ಒಂದು ಸಂಜೆ ಅವರ ಒಂದು ಹಿಡಿ ಶೇಂಗಾವನ್ನು ತಕ್ಕಡಿಯ ಮೇಲೆ ಹಾಕಿಸಿ ನೋಡಿದೆ. 42 ಗ್ರಾಂ ತೂಗಿತು. ದಿನಕ್ಕೆ ಎರಡು ಹಿಡಿ ಎಂದರೆ 84 ಗ್ರಾಂ.

ಪ್ಯಾಕೆಟ್ಟಿನ ಹಿಂದೆ 100 ಗ್ರಾಂಗೆ 640 ಮಿಲಿಗ್ರಾಂ ಸೋಡಿಯಂ ಎಂದು ಬರೆದಿತ್ತು. ಇಲ್ಲಿ ಅನೇಕರು ಎಡವುತ್ತಾರೆ, ನಾನೂ ಎಡವಿದ್ದೆ. ಸೋಡಿಯಂ ಬೇರೆ, ಉಪ್ಪು ಬೇರೆ. ಉಪ್ಪಿನ ತೂಕದಲ್ಲಿ ಸುಮಾರು ಶೇಕಡಾ 39ರಷ್ಟು ಮಾತ್ರ ಸೋಡಿಯಂ, ಉಳಿದದ್ದು ಕ್ಲೋರೈಡ್. ಆದ್ದರಿಂದ ಲೇಬಲ್ಲಿನ ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 640 ಮಿಲಿಗ್ರಾಂ ಸೋಡಿಯಂ ಎಂದರೆ 1.6 ಗ್ರಾಂ ಉಪ್ಪು. ಬ್ರಿಟನ್ನಿನ ಬಣ್ಣದ ಲೇಬಲ್ ಪದ್ಧತಿಯಲ್ಲಿ 100 ಗ್ರಾಂ ತಿನಿಸಿನಲ್ಲಿ 1.5 ಗ್ರಾಂಗಿಂತ ಹೆಚ್ಚು ಉಪ್ಪಿದ್ದರೆ ಕೆಂಪು ಬಣ್ಣ ಬೀಳುತ್ತದೆ. ಈ ಶೇಂಗಾ ಆ ಗೆರೆಯನ್ನು ದಾಟಿದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ತಂದೆಯವರ ಎರಡು ಹಿಡಿಯಲ್ಲೇ 1.3 ಗ್ರಾಂಗಿಂತ ಹೆಚ್ಚು, ಅಂದರೆ ಇಡೀ ದಿನದ ಮಿತಿಯ ಕಾಲು ಭಾಗಕ್ಕೂ ಮೇಲೆ, ಊಟಕ್ಕೆ ಕೂರುವ ಮೊದಲೇ ಹೊಟ್ಟೆ ಸೇರುತ್ತಿತ್ತು.

ಶೇಂಗಾ ಬಿಡಿ ಎಂದು ಅವರಿಗೆ ಹೇಳಲು ನನಗೆ ಮನಸ್ಸಾಗಲಿಲ್ಲ. ಬೇಕಾಗಿಲ್ಲದ್ದು ಬೀಜವಲ್ಲ, ಅದರ ಮೈಮೇಲಿನ ಉಪ್ಪು. ಉಪ್ಪು ಹಾಕದ ಶೇಂಗಾ, ಗೋಡಂಬಿ, ಬಾದಾಮಿ, ಪಿಸ್ತಾ ಇವುಗಳಲ್ಲಿ ಸಹಜವಾಗಿ ಇರುವ ಸೋಡಿಯಂ 100 ಗ್ರಾಂಗೆ 20 ಮಿಲಿಗ್ರಾಂ ದಾಟುವುದಿಲ್ಲ. ರಕ್ತದೊತ್ತಡ ಇಳಿಸಲು ನೆರವಾಗುವ ಪೊಟ್ಯಾಸಿಯಂ ಮಾತ್ರ ಅದರ ಹಲವು ಹತ್ತು ಪಟ್ಟು ಇದೆ. ಹೀಗಾಗಿ ಒಂದೇ ತಯಾರಕರ ನಾಲ್ಕು ಬಗೆಯ ಪ್ಯಾಕೆಟ್‌ಗಳನ್ನು, 200 ಗ್ರಾಂನವನ್ನು, ತಂದು ಅವುಗಳ ಉಪ್ಪನ್ನು ಮನೆಯಲ್ಲಿ ಎಷ್ಟರ ಮಟ್ಟಿಗೆ ಇಳಿಸಬಹುದು ಎಂದು ಒಂದೊಂದಾಗಿ ಪರೀಕ್ಷಿಸಿದೆ. ಹತ್ತನೇ ಒಂದು ಗ್ರಾಂ ತೋರಿಸುವ ಸಣ್ಣ ತಕ್ಕಡಿಯೊಂದು ಇಲ್ಲದಿದ್ದರೆ ಈ ಕೆಲಸಕ್ಕೆ ಅರ್ಥವಿರುತ್ತಿರಲಿಲ್ಲ. ತಯಾರಕರ ಹೆಸರನ್ನು ಹೇಳುವುದಿಲ್ಲ, ಏಕೆಂದರೆ ಇಲ್ಲಿ ನಾನು ಹೇಳುವ ದೋಷ ಅವರೊಬ್ಬರದೇ ಅಲ್ಲ.

ಮೊದಲಿಗೆ ಬೀಜಗಳ ಗುಣದ ಬಗ್ಗೆ ನ್ಯಾಯವಾಗಿ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ನಾಲ್ಕರಲ್ಲೂ ಹುರಿತ ಹದವಾಗಿತ್ತು. ಶೇಂಗಾ ಒಳಗಿನವರೆಗೂ ಒಂದೇ ಬಣ್ಣಕ್ಕೆ ತಿರುಗಿತ್ತು, ಸೀದ ಕಾಳು ಬೆರಳೆಣಿಕೆಯಷ್ಟು ಮಾತ್ರ. ಗೋಡಂಬಿ ಬಹುತೇಕ ಇಡಿಯಾಗಿತ್ತು. ಬಾದಾಮಿ ಹಲ್ಲಿಗೆ ಸಿಕ್ಕರೆ ಗಟ್ಟಿ ಸದ್ದು ಮಾಡುತ್ತಿತ್ತು. ಕಮಟು ವಾಸನೆ ಯಾವುದರಲ್ಲೂ ಇರಲಿಲ್ಲ. ಇಷ್ಟು ಒಳ್ಳೆಯ ಬೀಜದ ರುಚಿಯನ್ನೇ ಮುಚ್ಚಿಹಾಕುವಷ್ಟು ಉಪ್ಪನ್ನು ಏಕೆ ಹಾಕಬೇಕು ಎಂಬುದು ನನ್ನ ನಿಜವಾದ ಬೇಸರ.

ಉಪ್ಪನ್ನು ತೆಗೆಯಲು ಹೊರಟವರು ಮೊದಲು ಅದು ಅಲ್ಲಿ ಹೇಗೆ ಕೂತಿದೆ ಎಂಬುದನ್ನು ತಿಳಿಯಬೇಕು, ಮತ್ತು ಅದಕ್ಕೆ ಪ್ಯಾಕೆಟ್ಟಿನ ಮೇಲಿನ ಪದಾರ್ಥಗಳ ಪಟ್ಟಿಯೇ ದಾರಿ ತೋರಿಸುತ್ತದೆ. ಎಣ್ಣೆಯಲ್ಲಿ ಹುರಿದ ಬೀಜವಾದರೆ, ಬಿಸಿ ಎಣ್ಣೆಯಿಂದ ತೆಗೆದ ಕೂಡಲೇ, ಮೈಮೇಲೆ ಎಣ್ಣೆಯ ಪಸೆ ಇರುವಾಗಲೇ ಹಿಟ್ಟಿನಂತೆ ನುಣ್ಣಗಿರುವ ಉಪ್ಪನ್ನು ಉದುರಿಸುತ್ತಾರೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲವಾದ್ದರಿಂದ ಅದು ಹರಳು ಹರಳಾಗಿಯೇ ಉಳಿದು, ಎಣ್ಣೆಯ ತೆಳು ಪದರವನ್ನೇ ಅಂಟಾಗಿ ಮಾಡಿಕೊಂಡು ಮೇಲೆ ಕೂರುತ್ತದೆ. ಎಣ್ಣೆಯಿಲ್ಲದೆ ಒಣ ಬಿಸಿಯಲ್ಲಿ ಹುರಿದ ಬೀಜಕ್ಕೆ ಆ ಪಸೆ ಇರುವುದಿಲ್ಲ. ಅಲ್ಲಿ ಉಪ್ಪು ನಿಲ್ಲಬೇಕಾದರೆ ಬೇರೆ ಅಂಟು ಬೇಕು, ಅದಕ್ಕಾಗಿಯೇ ಅಂಥ ಪ್ಯಾಕೆಟ್‌ಗಳ ಪಟ್ಟಿಯಲ್ಲಿ ಪಿಷ್ಟ, ಮಾಲ್ಟೋಡೆಕ್ಸ್‌ಟ್ರಿನ್, ಅಕೇಶಿಯ ಅಂಟು ಮೊದಲಾದ ಹೆಸರುಗಳು ಕಾಣುತ್ತವೆ. ಮೂರನೆಯ ಬಗೆ ಉಪ್ಪುನೀರಿನದು. ಬೀಜವನ್ನು ಉಪ್ಪುನೀರಿನಲ್ಲಿ ನೆನೆಸಿ, ಅಥವಾ ಅದನ್ನು ಸಿಂಪಡಿಸಿ, ಆಮೇಲೆ ಒಣಗಿಸಿ ಹುರಿಯುತ್ತಾರೆ. ಸಿಪ್ಪೆಯೊಳಗಿನ ಶೇಂಗಾಕ್ಕೂ ಉಪ್ಪು ತಟ್ಟಬೇಕೆಂದರೆ ನಿರ್ವಾತ ಮತ್ತು ಒತ್ತಡದ ನೆರವಿನಿಂದ ಉಪ್ಪುನೀರನ್ನು ಒಳಕ್ಕೆ ನುಗ್ಗಿಸುವ ಪದ್ಧತಿಯೂ ಇದೆ. ಎಣ್ಣೆಯ ಪಸೆಯ ಮೇಲೆ ಕೂತ ಉಪ್ಪು ಉದುರುತ್ತದೆ. ನೀರಿನ ಜೊತೆ ಒಳಗೆ ಇಳಿದ ಉಪ್ಪು ಉದುರುವುದಿಲ್ಲ. ನನ್ನ ನಾಲ್ಕು ಪ್ಯಾಕೆಟ್‌ಗಳ ಫಲಿತಾಂಶ ಬೇರೆಬೇರೆಯಾಗಿ ಬಂದುದಕ್ಕೆ ಮುಖ್ಯ ಕಾರಣ ಇದೇ.

ಶೇಂಗಾದ ಪಟ್ಟಿಯಲ್ಲಿ ಶೇಂಗಾ, ಎಣ್ಣೆ, ಉಪ್ಪು ಎಂಬ ಮೂರೇ ಹೆಸರುಗಳಿದ್ದವು. ಪ್ಯಾಕೆಟ್ಟನ್ನು ದೊಡ್ಡ ಕಣ್ಣಿನ ಜರಡಿಗೆ ಸುರಿದು, ಕೆಳಗೆ ಕಪ್ಪು ತಟ್ಟೆಯೊಂದನ್ನು ಇಟ್ಟು ಒಂದು ನಿಮಿಷ ಆಡಿಸಿದೆ. ತಟ್ಟೆಯ ಮೇಲೆ ಬಿಳಿಯ ಪುಡಿ ಕಣ್ಣೆದುರೇ ಕೂಡತೊಡಗಿತು. ಅದರ ನಡುವೆ ಶೇಂಗಾದ ಕಂದು ಹೊಟ್ಟಿನ ಚೂರುಗಳು, ಬೀಜದ ಮೊಳಕೆಯ ತುದಿಗಳು. ಆಮೇಲೆ ಬೀಜಗಳನ್ನು ಒಣಗಿದ ಒರಟು ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಗಂಟನ್ನು ಎರಡು ಅಂಗೈಗಳ ನಡುವೆ ಹೊರಳಿಸಿ ಉಜ್ಜಿ, ಮತ್ತೆ ಜರಡಿ ಆಡಿಸಿದೆ. ಒಟ್ಟು ಉದುರಿದ್ದು 1.1 ಗ್ರಾಂ. ಅದೆಲ್ಲವೂ ಉಪ್ಪಲ್ಲವಾದ್ದರಿಂದ ಅದನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಉಳಿದ ಹೊಟ್ಟನ್ನು ಒಣಗಿಸಿ ತೂಗಿದೆ, 0.3 ಗ್ರಾಂ ಇತ್ತು. ಅಂದರೆ ಹೋದ ಉಪ್ಪು ಸುಮಾರು 0.8 ಗ್ರಾಂ. ಲೇಬಲ್ಲಿನ ಪ್ರಕಾರ ಇಡೀ ಪ್ಯಾಕೆಟ್ಟಿನಲ್ಲಿ ಇದ್ದದ್ದು 3.2 ಗ್ರಾಂ. ನೀರು ಮುಟ್ಟಿಸದೆ, ಗರಿಗರಿತನಕ್ಕೆ ಕಿಂಚಿತ್ತೂ ಧಕ್ಕೆಯಿಲ್ಲದೆ, ಐದು ನಿಮಿಷದ ಕೆಲಸದಲ್ಲಿ ಕಾಲು ಭಾಗ ಉಪ್ಪು ಇಳಿಯಿತು. ಇದು ಕಡಿಮೆ ಸಾಧನೆಯಲ್ಲ ಎಂದೇ ನಾನು ಭಾವಿಸುತ್ತೇನೆ. ಬಟ್ಟೆಗೆ ಅಂಟಿದ ಉಪ್ಪನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲವಾದ್ದರಿಂದ ನಿಜವಾಗಿ ಹೋದದ್ದು ಇನ್ನೂ ಸ್ವಲ್ಪ ಹೆಚ್ಚೇ ಇರಬೇಕು.

ಇದರ ಜೊತೆಗೆ ಇನ್ನೊಂದು ವಿಷಯ ಗಮನಕ್ಕೆ ಬಂತು. ಜರಡಿ ಹಿಡಿಯದೆ ನೇರವಾಗಿ ತಿನ್ನುತ್ತಿದ್ದ ಹಿಂದಿನ ಪ್ಯಾಕೆಟ್ಟಿನಲ್ಲಿ, ಸಡಿಲವಾದ ಉಪ್ಪೆಲ್ಲ ಸಾಗಣೆಯ ಕುಲುಕಾಟಕ್ಕೆ ಕೆಳಗಿಳಿದು ತಳದಲ್ಲಿ ಕೂಡಿತ್ತು. ಮೇಲಿನ ಹಿಡಿಯೂ ತಳದ ಹಿಡಿಯೂ ಒಂದೇ ಪ್ಯಾಕೆಟ್ಟಿನವು ಎಂದರೆ ನಂಬುವಂತಿರಲಿಲ್ಲ. ಲೇಬಲ್ಲಿನ ಅಂಕಿ ಸರಾಸರಿಯದು. ಕೊನೆಯ ಹಿಡಿ ತಿನ್ನುವವರಿಗೆ ಆ ಅಂಕಿ ಅನ್ವಯಿಸುವುದಿಲ್ಲ. ಮತ್ತೇನನ್ನೂ ಮಾಡಲು ಪುರುಸೊತ್ತಿಲ್ಲದವರು ಪ್ಯಾಕೆಟ್ಟಿನ ತಳದ ಪುಡಿಯನ್ನು ಬಾಯಿಗೆ ಸುರಿದುಕೊಳ್ಳುವುದನ್ನಾದರೂ ಬಿಡಬೇಕು.

ಗೋಡಂಬಿಯ ಮೇಲೆ ಇದೇ ಪ್ರಯೋಗ ಮಾಡಿದಾಗ ಸೋತೆ. ಅದೂ ಎಣ್ಣೆಯಲ್ಲಿ ಹುರಿದದ್ದೇ, ಉಪ್ಪು 100 ಗ್ರಾಂಗೆ 1.2 ಗ್ರಾಂ. ಆದರೆ ಅದರ ಬಾಗಿದ ಒಳಮೈಯಲ್ಲಿ ಕೂತ ಉಪ್ಪಿಗೆ ಬಟ್ಟೆ ತಾಗುವುದಿಲ್ಲ, ಒತ್ತಿ ಉಜ್ಜಿದರೆ ಕಾಳು ನಡುವೆ ಸೀಳಿ ಎರಡು ಹೋಳಾಗುತ್ತದೆ. ಒಂದು ಪಾಲನ್ನು ಹೀಗೆ ಹಾಳುಮಾಡಿದ ಮೇಲೆ ಉಳಿದದ್ದರಲ್ಲಿ 100 ಗ್ರಾಂ ತೂಗಿ, ನೀರಿಗೆ ಹಾಕಲು ನಿರ್ಧರಿಸಿದೆ.

ಹುರಿದ ಬೀಜವನ್ನು ನೀರಿಗೆ ಹಾಕುವುದೆಂದರೆ ಎಂಥವರಿಗೂ ಕೈ ಹಿಂಜರಿಯುತ್ತದೆ. ಗರಿಗರಿತನ ಎಂಬುದು ನೀರಿನಂಶ ಇಲ್ಲದಿರುವುದರ ಇನ್ನೊಂದು ಹೆಸರು. ಆದರೆ ಇಲ್ಲಿ ಉಪ್ಪಿನ ಸ್ವಭಾವ ನಮ್ಮ ಪರವಾಗಿದೆ. ಕೋಣೆಯ ಉಷ್ಣತೆಯಲ್ಲಿ 100 ಮಿಲಿಲೀಟರ್ ನೀರು ಸುಮಾರು 36 ಗ್ರಾಂ ಉಪ್ಪನ್ನು ಕರಗಿಸಿಕೊಳ್ಳಬಲ್ಲದು. ನಮ್ಮ ಬೀಜಗಳ ಮೇಲಿರುವುದು ಒಂದು ಗ್ರಾಂ ಚಿಲ್ಲರೆ, ಅದೂ ಹಿಟ್ಟಿನಷ್ಟು ನುಣುಪಾದದ್ದು. ಅದು ಕರಗಿ ಹೋಗಲು ಸೆಕೆಂಡುಗಳು ಸಾಕು. ನೀರು ಎಣ್ಣೆಯುಕ್ತ ಬೀಜದ ಒಳಗೆ ಇಳಿಯಲು ಮಾತ್ರ ನಿಮಿಷಗಳು ಬೇಕು. ಈ ಎರಡರ ನಡುವಿನ ಅಂತರದಲ್ಲೇ ನಮ್ಮ ಕೆಲಸ ಮುಗಿಯಬೇಕು. ಆದ್ದರಿಂದ ಗೋಡಂಬಿಯನ್ನು ಜಾಲರಿಯ ಬಟ್ಟಲಿನಲ್ಲಿಟ್ಟು, ಒಂದು ಲೋಟ ತಣ್ಣೀರಿರುವ ಅಗಲ ಪಾತ್ರೆಯಲ್ಲಿ ಹತ್ತು ಎಣಿಸುವವರೆಗೆ ಅದ್ದಿ ಅಲುಗಾಡಿಸಿ, ತಕ್ಷಣ ಮೇಲೆತ್ತಿ ಬಟ್ಟೆಯ ಮೇಲೆ ಹರವಿ, ಇನ್ನೊಂದು ಬಟ್ಟೆಯಿಂದ ಒತ್ತಿ ನೀರು ಹೀರಿಸಿದೆ. ತೂಗಿದಾಗ 104 ಗ್ರಾಂ ಆಗಿತ್ತು.

ಪಾತ್ರೆಯ ನೀರನ್ನು ನಾನು ಚೆಲ್ಲಲಿಲ್ಲ. ಸಣ್ಣ ಬಾಣಲೆಯಲ್ಲಿ ಅದನ್ನು ಪೂರ್ತಿ ಆವಿಯಾಗಿಸಿದೆ. ನೀರು ಕಡಿಮೆಯಾದಂತೆ ಅಂಚಿನಲ್ಲಿ ಬಿಳಿಯ ಉಂಗುರ ಮೂಡಿತು, ಕೊನೆಗೆ ತಳದಲ್ಲಿ ತುಸು ಜಿಡ್ಡು ಬೆರೆತ ಉಪ್ಪಿನ ಹೊಪ್ಪಳೆ ಉಳಿಯಿತು. ಕೆರೆದು ತೂಗಿದರೆ 0.8 ಗ್ರಾಂ. ಜಿಡ್ಡು ಮತ್ತು ನೀರಿನ ಸ್ವಂತ ಲವಣಾಂಶವನ್ನು ಕಳೆದರೂ, ಇದ್ದ 1.2 ಗ್ರಾಂನಲ್ಲಿ ಅರ್ಧಕ್ಕಿಂತ ಹೆಚ್ಚು ಉಪ್ಪು ಹತ್ತು ಸೆಕೆಂಡಿನಲ್ಲಿ ಹೊರಬಂದಿತ್ತು. ಆ ಹೊಪ್ಪಳೆಯನ್ನು ಬೆರಳಿನ ತುದಿಯಲ್ಲಿ ತೆಗೆದು ತಂದೆಯವರಿಗೆ ತೋರಿಸಿದೆ. ಅಂಕಿಗಳನ್ನು ಹೇಳಿದಾಗ ತಲೆಯಾಡಿಸಿ ಸುಮ್ಮನಾಗುತ್ತಿದ್ದವರು ಅದನ್ನು ನೋಡಿದ ಮೇಲೆ, “ಇಷ್ಟೂ ಒಂದು ಬಟ್ಟಲಿನದೇ?” ಎಂದು ಕೇಳಿದರು.

ಒಣಗಿಸುವ ಹಂತದಲ್ಲಿ ಅವಸರ ಸಲ್ಲದು. ಓವನ್ನನ್ನು 120 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು, ಕಾಳುಗಳು ಒಂದರ ಮೇಲೊಂದು ಬೀಳದಂತೆ ಹರಡಿ, ನಡುವೆ ಒಮ್ಮೆ ಕೈಯಾಡಿಸಿ 15 ನಿಮಿಷ ಬಿಟ್ಟೆ. ಓವನ್ ಇಲ್ಲದವರು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈ ಬಿಡದೆ ಹುರಿದರೂ ನಡೆಯುತ್ತದೆ. ಉರಿ ಹೆಚ್ಚಿಸಿದರೆ ಗೋಡಂಬಿ ಬೇಗ ಕಂದಾಗಿ ಕಹಿಯಾಗುತ್ತದೆ. ಹೊರತೆಗೆದ ತಕ್ಷಣ ಒಂದು ಕಾಳನ್ನು ಕಚ್ಚಿ ನೋಡಿ ಮೆತ್ತಗಿದೆ ಎಂದು ನಿರಾಶರಾಗಬಾರದು. ಬಿಸಿಯಲ್ಲಿ ಯಾವ ಬೀಜವೂ ಮೆತ್ತಗೇ ಇರುತ್ತದೆ, ಆರಿದ ಮೇಲೆ ಗರಿಗರಿಯಾಗುತ್ತದೆ. ಆರುವ ಮೊದಲೇ ಡಬ್ಬಿಗೆ ತುಂಬಿದರೆ ಒಳಗಿನ ಹಬೆ ಮುಚ್ಚಳಕ್ಕೆ ಬೆವರಾಗಿ ಕಟ್ಟಿ ಮಾಡಿದ ಕೆಲಸವನ್ನೆಲ್ಲ ಕೆಡಿಸುತ್ತದೆ. ಪೂರ್ತಿ ಆರಿದಾಗ ನನ್ನ ಗೋಡಂಬಿ 99 ಗ್ರಾಂಗೆ ತುಸು ಮೇಲಿತ್ತು, ಅಂದರೆ ಕುಡಿದ ನೀರನ್ನೆಲ್ಲ ಬಿಟ್ಟುಕೊಟ್ಟಿತ್ತು. ಗರಿಗರಿತನ ಮೊದಲಿನ ಮಟ್ಟಕ್ಕೆ ತೀರಾ ಹತ್ತಿರ ಬಂದಿತ್ತು. ರುಚಿಯ ವಿಷಯದಲ್ಲಿ ಹೇಳುವುದಾದರೆ, ಉಪ್ಪಿನ ಕೆಳಗೆ ಹುದುಗಿದ್ದ ಸಿಹಿ ಮತ್ತು ಬೆಣ್ಣೆಯಂಥ ನುಣುಪು ಆಗಲೇ ನಾಲಿಗೆಗೆ ಸಿಕ್ಕಿದ್ದು. ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆಯನ್ನು ಗೌರವಿಸುವವನೇ ನಾನು, ಆದರೆ ಈ ಗೋಡಂಬಿಗೆ ಉಳಿದ ಉಪ್ಪೇ ಸಾಕಾಗಿತ್ತು.

ಈ ವಿಧಾನಕ್ಕೆ ತೆರಬೇಕಾದ ಬೆಲೆಯೊಂದಿದೆ, ಅದನ್ನು ಮುಚ್ಚಿಡಬಾರದು. ಈ ಬೀಜಗಳ ತೂಕದಲ್ಲಿ ಸುಮಾರು ಅರ್ಧ ಕೊಬ್ಬು, ಅದರಲ್ಲಿ ಹೆಚ್ಚಿನದು ಅಪರ್ಯಾಪ್ತ ಕೊಬ್ಬು. ಅದು ಗಾಳಿ ಮತ್ತು ಬಿಸಿಗೆ ಬೇಗ ಕಮಟುತ್ತದೆ. ಒಮ್ಮೆ ಹುರಿದದ್ದನ್ನು ತೊಳೆದು ಮತ್ತೆ ಬಿಸಿ ಮಾಡಿದರೆ ಬಾಳಿಕೆ ಖಂಡಿತ ಕುಗ್ಗುತ್ತದೆ. ಅರೆಬರೆ ಒಣಗಿಸಿ ಇಟ್ಟರಂತೂ ಬೂಷ್ಟು ಹಿಡಿಯುವ ಅಪಾಯವಿದೆ, ಮತ್ತು ಬೀಜಗಳಿಗೆ ಹಿಡಿಯುವ ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತವೆ. ಅದು ಮನೆಯಲ್ಲಿ ಮತ್ತೆ ಹುರಿದರೆ ನಾಶವಾಗುವಂಥದಲ್ಲ. ಆದ್ದರಿಂದ ಒಂದು ವಾರಕ್ಕೆ ಆಗುವಷ್ಟನ್ನು ಮಾತ್ರ ತೊಳೆಯಬೇಕು. ಮತ್ತೆ ಹುರಿದರೆ ಸಾಕು, ಉಪ್ಪು ಹೋಗುತ್ತದೆ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಉಪ್ಪು ಕರಗುವುದೇ 801 ಡಿಗ್ರಿಯಲ್ಲಿ; ಬರಿಯ ಬಿಸಿಯಿಂದ ಅದು ಎಲ್ಲಿಗೂ ಹೋಗುವುದಿಲ್ಲ.

ಬಾದಾಮಿ ನನ್ನನ್ನು ನಿರಾಶೆಗೊಳಿಸಿತು. ಅದರ ಪಟ್ಟಿಯಲ್ಲಿ ಎಣ್ಣೆಯೇ ಇರಲಿಲ್ಲ, ಸಿಪ್ಪೆಯ ಸುಕ್ಕುಗಳಲ್ಲಿ ಉಪ್ಪು ಹರಳಾಗಿರದೆ ಸುಣ್ಣ ಬಳಿದಂತೆ ಮಸುಕಾದ ಪದರವಾಗಿ ಕೂತಿತ್ತು. ಉಪ್ಪುನೀರು ಹಾಕಿ ಒಣಗಿಸಿದ್ದರ ಗುರುತು ಅದು. ಬಟ್ಟೆಯಲ್ಲಿ ಉಜ್ಜಿದರೆ 200 ಗ್ರಾಂಗೆ 0.1 ಗ್ರಾಂ ಕೂಡ ಸರಿಯಾಗಿ ಉದುರಲಿಲ್ಲ. ನೀರಿನಲ್ಲಿ ಹತ್ತು ಸೆಕೆಂಡು ಅದ್ದಿದರೆ ಮೇಲ್ಪದರ ಮಾಯವಾಯಿತು, ನಾಲಿಗೆಗೆ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಇನ್ನಷ್ಟು ಇಳಿಯಲಿ ಎಂದು ಎರಡು ನಿಮಿಷ ಬಿಟ್ಟದ್ದು ನನ್ನ ತಪ್ಪು. ನೀರು ಚಹಾದ ಬಣ್ಣಕ್ಕೆ ತಿರುಗಿತು, ಸಿಪ್ಪೆ ಸಡಿಲವಾಗಿ ಉಬ್ಬಿತು, ಅರ್ಧ ಗಂಟೆ ಒಣಗಿಸಿದ ಮೇಲೂ ಹುರಿದ ಬಾದಾಮಿಯ ಆ ಗಟ್ಟಿ ಸದ್ದು ಮರಳಲಿಲ್ಲ. ಜೊತೆಗೆ ಉಪ್ಪಿಗೆ ಕಹಿಯನ್ನು ಅಡಗಿಸುವ ಗುಣವಿದೆ. ಅದು ಕಡಿಮೆಯಾದ ಕೂಡಲೇ ಬಾದಾಮಿ ಸಿಪ್ಪೆಯ ಒಗರು ಮುಂದಕ್ಕೆ ಬಂತು. ಅಂಟು ಮತ್ತು ಪಿಷ್ಟದಿಂದ ಉಪ್ಪು ಕೂರಿಸಿದ ಬೀಜಗಳೂ ಇದೇ ಗುಂಪಿಗೆ ಸೇರುತ್ತವೆ, ಅವು ಒದ್ದೆಯಾದರೆ ಕೈಗೆ ಅಂಟತೊಡಗುತ್ತವೆ. ಮಸಾಲೆ ಹಚ್ಚಿದ ಬೀಜಗಳ ಗೊಡವೆಗೆ ನಾನು ಹೋಗಲಿಲ್ಲ, ಅಲ್ಲಿ ಉಪ್ಪನ್ನು ತೆಗೆಯುವುದೆಂದರೆ ಮಸಾಲೆಯನ್ನೂ ತೆಗೆದಂತೆಯೇ.

ಪಿಸ್ತಾ ಚಿಪ್ಪಿನೊಂದಿಗೆ ಬರುವುದರಿಂದ ಅದರ ಉಪ್ಪಿನ ಒಂದು ಪಾಲು ಚಿಪ್ಪಿನ ಮೇಲೇ ಇರುತ್ತದೆ. ಅದನ್ನು ಹಲ್ಲಿನಿಂದ ಬಿಡಿಸದೆ, ಚಿಪ್ಪನ್ನು ಚೀಪದೆ, ಬೆರಳಿನಿಂದ ಬಿಡಿಸಿ ತಿಂದರೆ ಸಾಕು.

ಎಲ್ಲ ಬಗೆಗೂ ಒಪ್ಪುವ, ಯಾವುದನ್ನೂ ಕೆಡಿಸದ ಉಪಾಯ ಬೆರಕೆ. ಉಪ್ಪು ಹಾಕದೆ ಹುರಿದ ಅದೇ ಬಗೆಯ ಬೀಜವನ್ನು ಸಮಪಾಲು ಬೆರೆಸಿದರೆ ಉಪ್ಪು ಅರ್ಧಕ್ಕೆ ಇಳಿಯುತ್ತದೆ. ಒಂದು ಪಾಲು ಉಪ್ಪಿನದಕ್ಕೆ ಎರಡು ಪಾಲು ಸಪ್ಪೆಯದನ್ನು ಸೇರಿಸಿದರೆ ಮೂರನೇ ಒಂದು. ಇದು ಲೆಕ್ಕಕ್ಕೆ ಸಿಗುವ ವಿಧಾನ, ತಕ್ಕಡಿಯ ಹಂಗೂ ಇಲ್ಲ. ಎಣ್ಣೆಯಲ್ಲಿ ಹುರಿದ ಬೀಜಗಳಲ್ಲಿ ಇದಕ್ಕೆ ಇನ್ನೊಂದು ಅನುಕೂಲವೂ ಇದೆ: ಎರಡನ್ನೂ ಒಂದೇ ಡಬ್ಬಿಗೆ ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಬಿಟ್ಟರೆ ಸಡಿಲವಾದ ಉಪ್ಪು ಸಪ್ಪೆ ಕಾಳುಗಳಿಗೂ ತುಸು ಹತ್ತಿ, ಒಂದು ಉಪ್ಪು ಒಂದು ಸಪ್ಪೆ ಎಂಬ ವ್ಯತ್ಯಾಸ ಬಹಳಷ್ಟು ಅಳಿಸುತ್ತದೆ. ಶೇಂಗಾವನ್ನು ನಾನು ಮೊದಲು ಜರಡಿ ಹಿಡಿದು ಉಜ್ಜಿ, ಅನಂತರ ಸಮಪಾಲು ಸಪ್ಪೆ ಶೇಂಗಾ ಬೆರೆಸುತ್ತೇನೆ. 100 ಗ್ರಾಂಗೆ 1.6 ಇದ್ದದ್ದು ಉಜ್ಜಿದ ಮೇಲೆ 1.2ಕ್ಕೆ, ಬೆರೆಸಿದ ಮೇಲೆ 0.6ಕ್ಕೆ ಬರುತ್ತದೆ. ತಂದೆಯವರ ಅದೇ ಎರಡು ಹಿಡಿಯಲ್ಲಿ ಈಗ ಸುಮಾರು ಅರ್ಧ ಗ್ರಾಂ ಉಪ್ಪು. ಬಾದಾಮಿಗೂ ಬೆರಕೆಯೊಂದೇ ದಾರಿ, ಅಲ್ಲಿ ಒಂದಕ್ಕೆ ಎರಡರ ಪ್ರಮಾಣ ನಮಗೆ ಹಿಡಿಸಿತು.

ಮೊದಲ ವಾರ ಅವರು ಸಪ್ಪೆ ಎಂದು ದೂರಿದ್ದು ನಿಜ. ಬಟ್ಟಲಿನ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ, ತಿನ್ನುವ ಹೊತ್ತಿಗೆ ಎರಡು ಹನಿ ನಿಂಬೆರಸ ಹಿಂಡಿ ಕೊಟ್ಟೆ. ಹುಳಿ ಇದ್ದಲ್ಲಿ ಉಪ್ಪಿನ ಕೊರತೆ ಅಷ್ಟಾಗಿ ತಿಳಿಯುವುದಿಲ್ಲ. ನಾಲಿಗೆ ಕಡಿಮೆ ಉಪ್ಪಿಗೆ ಒಗ್ಗಲು ಕೆಲವು ವಾರ ಹಿಡಿಯುತ್ತದೆ. ಒಂದು ತಿಂಗಳ ಮೇಲೆ ಬೇರೆ ಕಡೆ ಮೂಲ ಪ್ಯಾಕೆಟ್ಟಿನ ಶೇಂಗಾ ತಿಂದು ಬಂದ ಅವರು, ಬಾಯೆಲ್ಲ ಉರಿಯಿತು ಎಂದು ನೀರು ಕೇಳಿ ಕುಡಿದರು.

ತಯಾರಕರ ಬಗ್ಗೆ ನನ್ನ ತೀರ್ಮಾನ ಹೀಗಿದೆ. ಶೇಂಗಾ ಮತ್ತು ಗೋಡಂಬಿಯನ್ನು ನಾನು ಮತ್ತೆ ಕೊಳ್ಳುತ್ತೇನೆ, ಏಕೆಂದರೆ ಅವುಗಳ ಉಪ್ಪು ನನ್ನ ಕೈಗೆ ಸಿಗುತ್ತದೆ. ಉಪ್ಪು ಹಚ್ಚಿದ ಬಾದಾಮಿಯನ್ನು ಇನ್ನು ಹೆಚ್ಚು ಕೊಳ್ಳುವುದಿಲ್ಲ. ಇವರದೇ ‘ಕಡಿಮೆ ಉಪ್ಪು’ ಎಂಬ ಶೇಂಗಾ ಪ್ಯಾಕೆಟ್ಟೂ ಇದೆ. ಅದರಲ್ಲಿ 100 ಗ್ರಾಂಗೆ 320 ಮಿಲಿಗ್ರಾಂ ಸೋಡಿಯಂ, ಅಂದರೆ ಮೂಲದ ಅರ್ಧ. ನಾನು ಶ್ರಮಪಟ್ಟು ತಲುಪಿದ 0.6ಕ್ಕಿಂತ ಅದು ಇನ್ನೂ ಮೇಲೆಯೇ ಇದೆ, ಆದರೂ ಉಜ್ಜುವ ತೊಂದರೆ ಬೇಡವೆನ್ನುವವರಿಗೆ ಅದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಒಂದು ಎಚ್ಚರಿಕೆ: ಕಡಿಮೆ ಸೋಡಿಯಂ ಎಂದು ಬರುವ ಕೆಲವು ತಿನಿಸುಗಳಲ್ಲಿ ಉಪ್ಪಿನ ಬದಲು ಪೊಟ್ಯಾಸಿಯಂ ಕ್ಲೋರೈಡ್ ಬಳಸಿರುತ್ತಾರೆ, ಮೂತ್ರಪಿಂಡದ ತೊಂದರೆ ಇರುವವರು ಮತ್ತು ರಕ್ತದೊತ್ತಡದ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ರೂಢಿ ಮಾಡಿಕೊಳ್ಳಬಾರದು. ಪ್ಯಾಕೆಟ್ಟಿನ ಮುಂಬದಿಯಲ್ಲಿ ದೊಡ್ಡದಾಗಿ ಬರೆದ ಮಾತಿಗಿಂತ ಹಿಂಬದಿಯ ಸಣ್ಣ ಅಕ್ಷರದ ಅಂಕಿಯನ್ನು ನೋಡುವುದು, ಅದರಲ್ಲೂ ಆ ಅಂಕಿ 100 ಗ್ರಾಂಗೆ ಬರೆದದ್ದೋ ಅಥವಾ 30 ಗ್ರಾಂನ ಒಂದು ಪಾಲಿಗೆ ಬರೆದದ್ದೋ ಎಂಬುದನ್ನು ನೋಡುವುದು, ಈಗ ನನಗೆ ಅಭ್ಯಾಸವಾಗಿದೆ.

ತೊಳೆದ ಗೋಡಂಬಿಯ ಬಾಳಿಕೆಯನ್ನು ತಿಳಿಯಲೆಂದು ಒಂದು ಸಣ್ಣ ಗಾಜಿನ ಶೀಸೆಯಲ್ಲಿ ಹತ್ತು ಕಾಳುಗಳನ್ನು ಮುಚ್ಚಿಟ್ಟಿದ್ದೆ. ಎಂಟನೆಯ ದಿನದವರೆಗೆ ಪರಿಮಳ ಚೆನ್ನಾಗಿತ್ತು; ಹನ್ನೆರಡನೆಯ ದಿನ ಮುಚ್ಚಳ ತೆಗೆದಾಗ ಹಳೆಯ ಎಣ್ಣೆಯ ವಾಸನೆ ತೆಳುವಾಗಿ ಬಂತು. ಅಂದಿನಿಂದ ಒಂದು ಸಲಕ್ಕೆ 100 ಗ್ರಾಂಗಿಂತ ಹೆಚ್ಚು ತೊಳೆಯುತ್ತಿಲ್ಲ.